‘ಕ್ಷಮಿಸಿ’ ಎಂದು ಟೈಪ್ ಮಾಡದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ ಟೈಪಿಂಗ್ ಅಕ್ಕ ಆಗಲೇ ಸಾಹೇಬರ ಗತ್ತಿನಲ್ಲಿ ಕೂತಿದ್ದಾರೆ. ಕನ್ನಡಕ ಮೂಗಿನ ತುದಿಗೆ ಜಾರಿದೆ.

“ಏನಮ್ಮಾ, ನಿನ್ನ ಗಾಡಿಯಿಂದ ಓಡಾಡೋರಿಗೆ ಅಡ್ಡಿಯಂತೆ?”

“ತಪ್ಪಾಯ್ತು ಸಾರ್, ಹೊಟ್ಟೆಪಾಡು...” ಎದುರಿಗಿರುವ ಇಸ್ತ್ರಿ ಅಮ್ಮ ಕೈಮುಗಿಯುತ್ತಾರೆ.

“ಅಯ್ಯೋ, ಮತ್ತೆ ಅದೇ ರಾಗ! ಏನು ತಪ್ಪು ಮಾಡಿದ್ದೀರಿ?”

“ಏನೂ ಇಲ್ಲ.”

“ಮತ್ಯಾಕೆ ಒಪ್ಕೊಳ್ತೀರಿ?”

ಇದು ತಾಲೀಮು. ಯಾರೋ ದೂರು ಕೊಟ್ಟರೆಂದು ಇಸ್ತ್ರಿ ಗಾಡಿಯ ಪರವಾನಗಿಯನ್ನೇ ರದ್ದು ಮಾಡಿದ್ದಾರೆ. ಈ ಅಮ್ಮನನ್ನು ಒಂದು ಮಾತೂ ಕೇಳಿಲ್ಲ. ಇವತ್ತು ಮೇಲಧಿಕಾರಿಯ ಮುಂದೆ ಮೇಲ್ಮನವಿಯ ವಿಚಾರಣೆ. ಸೋತರೆ ಸಂಜೆಯೊಳಗೆ ಗಾಡಿ ಎತ್ತಬೇಕು. ಆ ಮನೆಯಲ್ಲಿ ದುಡಿಯುವ ಕೈ ಇನ್ನೊಂದಿಲ್ಲ.

ಪಿಂಚಣಿ ನಿಂತವರು, ಅಂಗಡಿ ಕಳೆದುಕೊಂಡವರು ಮೇಲ್ಮನವಿ ಬರೆಸಲು ಈ ಜಗಲಿಗೇ ಬರುತ್ತಾರೆ. ಅಳುತ್ತಾರೆ, ಇಡೀ ಕಚೇರಿಗೆ ಹಿಡಿಶಾಪ ಹಾಕುತ್ತಾರೆ. ಅದೆಲ್ಲ ಮುಗಿಯುವವರೆಗೂ ಅಕ್ಕನ ಬೆರಳು ಅಲುಗುವುದಿಲ್ಲ. ಅವರ ಮನಸ್ಸು ಹಗುರಾದ ಮೇಲೆ ಒಂದೇ ಪ್ರಶ್ನೆ: “ಆದೇಶ ಮಾಡೋ ಮುಂಚೆ ನಿಮ್ಮನ್ನ ಕೇಳಿದ್ರಾ?” ಇಲ್ಲವೆಂದರೆ ಮೇಲ್ಮನವಿಯ ಮೊದಲ ಸಾಲು ಅದೇ. ಆದರೆ ‘ಕ್ಷಮಿಸಿ’ ಎಂದು ಸೇರಿಸಿ ಎಂದರೆ ಮಾತ್ರ ಅಕ್ಕ ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. “ಒಂದು ಮಾತು ವಿನಯವಾಗಿ ಹಾಕಿದ್ರೆ ನಿಮ್ಮ ಗಂಟೇನು ಹೋಗುತ್ತೆ?” ಎಂದು ಮುನಿಸಿಕೊಂಡು ಎದ್ದುಹೋದವರೂ ಇದ್ದಾರೆ.

ಈ ಹಠ ಸುಮ್ಮನೆ ಬಂದದ್ದಲ್ಲ ಎಂದು ಅಕ್ಕ, ಅವರ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ. “ಅಪ್ಪಂದು ಸೈಕಲ್ ರಿಪೇರಿ ಅಂಗಡಿ ಇತ್ತು. ಹೀಗೇ ಹೇಳದೆ ಕೇಳದೆ ಖಾಲಿ ಮಾಡಿ ಅಂದ್ರು. ಅಪ್ಪ ಮಹಾ ಮರ್ಯಾದಸ್ಥ. ಮೇಲ್ಮನವೀಲಿ ‘ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ’ ಅಂತ ಬರೆಸಿದ್ರು. ತಪ್ಪು ಒಪ್ಕೊಂಡಿದಾನೆ ಅಂತ ವಜಾ ಮಾಡಿಬಿಟ್ರು. ನಾನಾಗ ಟೈಪಿಂಗ್ ಕ್ಲಾಸಿಗೆ ಹೋಗ್ತಿದ್ದೆ. ಹೊಟ್ಟೆ ಉರಿದುಹೋಯ್ತು.”

ಬಿಸಿಲೇರುವ ಹೊತ್ತಿಗೆ ವಿಚಾರಣೆಗೆ ಕರೆ ಬರುತ್ತದೆ. ಅಕ್ಕನಿಗೆ ಒಳಗೆ ಪ್ರವೇಶವಿಲ್ಲ. ನಾವಿಬ್ಬರೂ ಬಾಗಿಲಾಚೆಯ ಬೆಂಚಿನಲ್ಲಿ ಕೂರುತ್ತೇವೆ. ಬಾಗಿಲು ಅರ್ಧ ತೆರೆದಿದೆ. ಗಾಡಿಯಿಂದ ದಾರಿಗೆ ಅಡ್ಡಿಯಂತೆ, ಹೌದೇ ಎಂದು ಸಾಹೇಬರು ಕೇಳುತ್ತಾರೆ. ಇಸ್ತ್ರಿ ಅಮ್ಮನ ಕೈಗಳು ತಾವಾಗಿಯೇ ಕೂಡಿಕೊಳ್ಳುತ್ತವೆ.

“ತಪ್...”

ಅಕ್ಕ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯುತ್ತಾರೆ.

“ತಪ್ಪು ನಂದಲ್ಲ ಸಾರ್. ನನ್ನನ್ನ ಯಾರೂ ಕೇಳಲಿಲ್ಲ. ಬಂದು ಜಾಗ ನೋಡಲೂ ಇಲ್ಲ.”

ಸಾಹೇಬರು ಕಡತ ತಿರುವುತ್ತಾರೆ. ನೋಟಿಸ್ ಕೊಟ್ಟದ್ದಕ್ಕೆ ದಾಖಲೆಯೇ ಇಲ್ಲ. ಆದೇಶ ರದ್ದಾಗುತ್ತದೆ. ಜಾಗ ನೋಡಿ, ಈಕೆಯ ಮಾತು ಕೇಳಿ, ಆಮೇಲೆ ಹೊಸದಾಗಿ ತೀರ್ಮಾನಿಸಬೇಕು. ಅಲ್ಲಿಯವರೆಗೆ ಗಾಡಿಯನ್ನು ಯಾರೂ ಮುಟ್ಟುವಂತಿಲ್ಲ.

ಹೊರಗೆ ಬಂದ ಇಸ್ತ್ರಿ ಅಮ್ಮ, “ಕ್ಷಮಿಸಿ ಅಕ್ಕ, ನಿಮಗೆ ತುಂಬ ತೊಂದ್ರೆ ಕೊಟ್ಟೆ” ಎನ್ನುತ್ತಾರೆ. ಅಕ್ಕ ಹಣೆ ಚಚ್ಚಿಕೊಂಡು ನಗುತ್ತಾರೆ. ಎಂಥ ನಗು ಅದು! ನನಗೂ ಕಣ್ಣು ತುಂಬಿ ಬರುತ್ತದೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅಕ್ಕ ಕನ್ನಡಕ ಒರೆಸುತ್ತಾರೆ.

“ಅಪ್ಪ ಈಗಲೂ ‘ನಾನೇ ಏನೋ ತಪ್ಪು ಮಾಡಿರಬೇಕು ಕಣೇ’ ಅಂತಾರೆ. ಸಂಜೆ ಈ ಅಮ್ಮನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ಒಳಗೆ ಹೇಳಿದ ಮಾತನ್ನ ಅಪ್ಪನ ಮುಂದೆ ಇನ್ನೊಂದ್ಸಲ ಹೇಳಲಿ.”