ನನ್ನ ಅಕ್ಕಯ್ಯ, ಅವಳ ಪೇಷಂಟು

ಬೆಳಿಗ್ಗೆ ನಾನು ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹೊತ್ತಿಗೆ ಎದುರಿಗೆ ತರೀಕೆರೆ ಕಡೆಯ ಬಸ್ಸಿಗೆ ಜನ ಕಾಯುತ್ತಿರುತ್ತಾರೆ. ಅವರಲ್ಲಿ ಗುರುತಿನ ಮುಖ ಕಂಡರೆ ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗುತ್ತೇನೆ. ಇವತ್ತೂ ಒರೆಸಿದೆ. ಗಾಜು ಸ್ವಚ್ಛವಾಗಿಯೇ ಇತ್ತು. ಕನ್ನಡಕವಿಲ್ಲದೆ ನನಗೆ ಬಸ್ಸೇ ಸರಿಯಾಗಿ ಕಾಣುವುದಿಲ್ಲ, ಇನ್ನು ಮುಖವೆಲ್ಲಿ? ಆ ಬಸ್ಸಿಗೆ ಕಾಯುವವರಿಗೂ ಅದು ಗೊತ್ತು.

ಕಾರಣ ಹೇಳುತ್ತೇನೆ. ನಮ್ಮ ಕಡೆ ಎಚ್‌ಐವಿ ಇರುವವರು ಸ್ವಂತ ಊರಿನಲ್ಲಿ ಮಾತ್ರೆ ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಕಡೂರಿನವರು ತರೀಕೆರೆಗೆ ಹೋಗುತ್ತಾರೆ, ಅಜ್ಜಂಪುರದವರು ಕಡೂರಿಗೆ ಬರುತ್ತಾರೆ, ತರೀಕೆರೆಯವರು ಇನ್ನೆಲ್ಲಿಗೋ. ಮಾತ್ರೆ ಎಲ್ಲ ಕಡೆಯೂ ಒಂದೇ. ಸಾಲಿನಲ್ಲಿ ಹಿಂದೆ ನಿಂತವರು ಬೀಗರಾಗಿರಬಾರದು, ಅಷ್ಟೆ. ಇದೆಲ್ಲ ನನಗೆ ತಿಳಿದಿತ್ತು. ನನ್ನ ಅಕ್ಕಯ್ಯನೂ ಆ ಬಸ್ಸು ಹತ್ತುತ್ತಾಳೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಅಕ್ಕಯ್ಯ ಎಂಬುದು ಅವಳ ಹೆಸರಲ್ಲ. ಹೆಸರು, ಊರು ಎರಡನ್ನೂ ಇಲ್ಲಿ ಹೇಳುವುದಿಲ್ಲ. ನಾನು ಕಡೂರಿನಲ್ಲಿ ಬೋರ್ಡು ಹಾಕಿದ ಕಾಲದಿಂದ ಬರುತ್ತಿರುವ ಹೆಂಗಸು. ಬರುವಾಗ ಕರಿಬೇವು ತರುತ್ತಾಳೆ. ಕ್ಲಿನಿಕ್ಕಿನಲ್ಲಿ ಜನ ಇಲ್ಲದಿದ್ದರೆ ಕಾಲು ಚಾಚಿ ಕೂತು ಸೊಸೆಯ ಮೇಲೆ ದೂರು ಹೇಳುತ್ತಾಳೆ. ಅವಳ ಸಂಸಾರ ಪೂರ್ತಿ ನನಗೆ ಗೊತ್ತು ಎಂದುಕೊಂಡಿದ್ದೆ. ಗಂಡ ಎದೆನೋವಿನಿಂದ ಹೋದನೆಂದು ಅವಳೇ ಹೇಳಿದ್ದಳು.

ವೈದ್ಯರಾದ ನಮಗೂ ಆಗಾಗ ಬೆಂಚಿನ ಮೇಲೆ ಕೂತು ಪಾಠ ಕೇಳುವ ಕರ್ಮವಿದೆ. ನೋಂದಣಿ ಉಳಿಯಬೇಕಾದರೆ ಇಷ್ಟು ಗಂಟೆಯ ತರಬೇತಿ ಆಗಿರಬೇಕು. ಕೆಲವು ವರ್ಷಗಳ ಹಿಂದೆ ಅಜ್ಜಂಪುರದಲ್ಲಿ ಎಚ್‌ಐವಿ ಚಿಕಿತ್ಸೆಯ ಬಗ್ಗೆ ಅಂಥದೊಂದು ತರಬೇತಿ ನಡೆಯಿತು. ನಾನು ಹೋದದ್ದು ಗಂಟೆಗಳಿಗಾಗಿ, ಕೇಸರಿಬಾತೂ ಚೆನ್ನಾಗಿತ್ತೆನ್ನಿ. ಕೊನೆಯ ಸಾಲಿನಲ್ಲಿ ಕೂತೆ. ಮೈಕು ಹಿಡಿದಿದ್ದವಳು ವನಜಾ. ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು, ಈಗ ತರೀಕೆರೆಯಲ್ಲಿ ಎಚ್‌ಐವಿ ರೋಗಿಗಳನ್ನು ನೋಡುವವಳು. ಅವಳೆಂದರೆ ನನಗೆ ಅಂದಿನಿಂದಲೂ ಪ್ರೀತಿ. ಅವಳ ಅಂಕಪಟ್ಟಿ ಎಂದರೆ ಹೊಟ್ಟೆಯುರಿ.

ವನಜಾ ತನ್ನ ರೋಗಿಯೊಬ್ಬಳ ಕಥೆ ಹೇಳಿದಳು. ಮಾತ್ರೆ ಶುರುವಾದ ಮೇಲೆ ರಕ್ತದಲ್ಲಿ ವೈರಸ್ ಇಳಿದಿತ್ತು, ಈಗ ಮತ್ತೆ ಏರುತ್ತಿದೆ. "ಒಂದು ದಿನಾನೂ ತಪ್ಸಿಲ್ಲ ಅಂತಾಳೆ. ನಂಬ್ತೀನಿ ನಾನು. ನನ್ನ ಹತ್ರ ಏನೂ ಮುಚ್ಚಿಡಲ್ಲ ಅವಳು. ಗಂಡ ಇದೇ ಕಾಯಿಲೇಲಿ ಹೋಗಿದ್ದನ್ನ ಹೇಳ್ಕೊಂಡು ಅತ್ತಿದಾಳೆ. ಕಾಲು ಜುಮ್ ಅನ್ನತ್ತಾ ಅಂದ್ರೆ ಏನಂತಾಳೆ ಗೊತ್ತಾ? ‘ಅಂಗಾಲಲ್ಲಿ ಇರುವೆ ಸಂತೆ ಕೂಡ್ಸವೆ ಕಣ್ರಮ್ಮ’ ಅಂತಾಳೆ."

ಎಲ್ಲರೂ ನಕ್ಕರು. ಆ ಇರುವೆಗಳ ಸಂತೆಯನ್ನು ಅಕ್ಕಯ್ಯನ ಬಾಯಲ್ಲಿ ನಾನೂ ಕೇಳಿದ್ದೆ, ಸಕ್ಕರೆ ಕಾಯಿಲೆಯಿರಬಹುದೆಂದು ರಕ್ತ ಪರೀಕ್ಷೆಯನ್ನೂ ಮಾಡಿಸಿದ್ದೆ. ಮೊದಲು ಬಂದದ್ದು ಮರುಕವಲ್ಲ, ಸುಳ್ಳೇಕೆ ಹೇಳಲಿ. ಸೊಸೆಯ ದೂರು ನನಗೆ, ಕಣ್ಣೀರು ವನಜಾಳಿಗೆ! ಕರಿಬೇವು ಅಲ್ಲಿಗೂ ಹೋಗುತ್ತದೆಯೇ ಎಂದು ಕೂಡ ಯೋಚಿಸಿದೆ.

"ಬೇರೆ ಔಷಧಿ ಏನಾದ್ರೂ ತಗೋತಾರಾ?" ಶಿವಮೊಗ್ಗದಿಂದ ಬಂದಿದ್ದ ಹಿರಿಯ ತಜ್ಞರು ಕೇಳಿದರು.

"ಇಲ್ಲ ಸಾರ್, ಕೇಳಿದೀನಿ. ಬೇರೆ ಯಾವ ಡಾಕ್ಟರ ಹತ್ರಾನೂ ಹೋಗಲ್ವಂತೆ."

ನನ್ನ ಎದೆ ಸ್ವಲ್ಪ ಉಬ್ಬಿತು. ವನಜಾಳಿಂದಲೂ ಅಕ್ಕಯ್ಯ ಒಂದನ್ನು ಮುಚ್ಚಿಟ್ಟಿದ್ದಳು: ನನ್ನನ್ನು.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಎದೆಯುರಿಗೆ ಸಿರಪ್, ಮೂಳೆಗೆ ಕ್ಯಾಲ್ಸಿಯಂ ಬರೆದುಕೊಟ್ಟಿದ್ದವಳು ನಾನು. ಎರಡನ್ನೂ ಮಲಗುವಾಗ ತೆಗೆದುಕೊಳ್ಳಲು ಹೇಳಿದ್ದೆ. ಅವು ವೈರಸ್ಸಿನ ಮಾತ್ರೆಯ ಜೊತೆಗೇ ಹೊಟ್ಟೆಗಿಳಿದರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲವೆಂದು ಅದೇ ತಜ್ಞರು ಕಾಫಿಗೆ ಮುಂಚೆ ವಿವರಿಸಿದ್ದರು. ವನಜಾ ಹೇಳಿದ್ದ ಮಾತ್ರೆಯೂ ರಾತ್ರಿಯದೇ. ಈಗ ವೇದಿಕೆಯ ಮೇಲೆ ಔಷಧಿ ಬದಲಿಸುವ ಮಾತು ನಡೆದಿತ್ತು. ಕೆಲಸ ಮಾಡಬಲ್ಲ ಮಾತ್ರೆಯನ್ನು ಕೈಬಿಟ್ಟು ಹೆಚ್ಚು ಭಾರದ ಮಾತ್ರೆಗಳನ್ನು ಅವಳ ಮೇಲೆ ಹೇರುವುದು. ನಾನು ಸುಮ್ಮನಿದ್ದರೆ ಅದಾಗುತ್ತದೆ. ಅವಳು ನನಗೆ ಗೊತ್ತು ಎಂದರೆ, ಅವಳು ಊರು ಬಿಟ್ಟು ಊರಿಗೆ ಹೋಗಿ ಕಾಪಾಡಿಕೊಂಡ ಗುಟ್ಟು ಹೋಗುತ್ತದೆ.

ಎದ್ದು ನಿಂತೆ. "ಔಷಧಿ ಅಂತ ಕೇಳ್ಬೇಡಿ ಮೇಡಂ. ಗ್ಯಾಸಿಗೆ, ಮೂಳೆಗೆ ಏನಾದ್ರೂ ತಗೋತೀಯಾ ಅಂತ ಕೇಳಿ. ನಮ್ಮ ಕಡೆಯವರು ಅದನ್ನೆಲ್ಲ ಔಷಧಿ ಲೆಕ್ಕಕ್ಕೇ ಹಿಡಿಯಲ್ಲ."

ತಜ್ಞರು ತಲೆಯಾಡಿಸಿದರು. ಬದಲಿಸುವ ಮೊದಲು ಅದನ್ನು ವಿಚಾರಿಸುವುದೆಂದಾಯಿತು.

ಊಟದ ಸಾಲಿನಲ್ಲಿ ವನಜಾ ಹಿಂದಿನಿಂದ ಬಂದು ತಿವಿದಳು. "ಏನೇ, ಕೊನೇ ಬೆಂಚಿಂದ ಭಾರೀ ಪಾಠ ಮಾಡ್ದೆ? ನಿನ್ನ ಪೇಷಂಟಾ ಅವಳು?"

"ನನ್ನ ಪೇಷಂಟಾಗಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ಲು?" ಎಂದೆ. ನಗುತ್ತ ಹೇಳಬೇಕೆಂದಿದ್ದೆ, ದನಿ ಚೂಪಾಯಿತು. ಅವಳು ನನ್ನ ಮುಖ ನೋಡಿದಳು. ಮತ್ತೆ ಕೇಳದೆ ನನ್ನ ತಟ್ಟೆಗೆ ಒಂದು ಹಪ್ಪಳ ಹಾಕಿದಳು.

ಮುಂದಿನ ತಿಂಗಳು ಅಕ್ಕಯ್ಯ ಬಂದು ಕಾಲು ಚಾಚಿದಳು. "ಡಾಕ್ಟ್ರಮ್ಮ, ಆ ಗ್ಯಾಸಿನ ಔಷ್ದಿ, ಮೂಳೆ ಮಾತ್ರೆ ಇನ್ಮೇಲೆ ಬೆಳಿಗ್ಗೆ ತಗೊಳ್ಲಾ? ರಾತ್ರಿ ಬ್ಯಾಡ್ವಂತೆ."

"ಯಾರು ಹೇಳಿದ್ರು?"

ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. "ನಮ್ಮ ನಾದಿನಿ."

"ನಿನ್ನ ನಾದಿನಿ ಬಾಳ ಬುದ್ಧಿವಂತೆ ಕಣೇ ಅಕ್ಕಯ್ಯ. ಅವಳು ಹೇಳ್ದಂಗೇ ಮಾಡು" ಎಂದೆ. ವನಜಾಳನ್ನು ನಾನು ಬಾಯಿಬಿಟ್ಟು ಹೊಗಳಿದ್ದು ಅದೇ ಮೊದಲು.

ಈಗ ಯಾರೇ ಬಂದರೂ ಬೇರೆ ಕಡೆಯಿಂದ ಏನಾದರೂ ನುಂಗುತ್ತಿದ್ದೀರಾ ಎನ್ನುತ್ತೇನೆ. ಎಲ್ಲಿಂದ, ಯಾತಕ್ಕೆ ಎಂದು ಹೇಳುವುದು ಬೇಡ, ಯಾವ ಹೊತ್ತಿಗೆ ಎಂದು ಹೇಳಿದರೆ ಸಾಕು ಎನ್ನುತ್ತೇನೆ. ಹೊತ್ತನ್ನು ಜನ ಹೇಳುತ್ತಾರೆ.

ಅಕ್ಕಯ್ಯ ಗಟ್ಟಿಯಾಗಿದ್ದಾಳೆ. ನನಗೆ ಇನ್ನೂ ಏನೂ ಹೇಳಿಲ್ಲ. ನಾದಿನಿಯ ಸುದ್ದಿ ಮಾತ್ರ ಧಾರಾಳ. ನಾದಿನಿಗೆ ವರ್ಗ ಆಗಬಹುದಂತೆ ಎಂದು ಇವತ್ತು ಬಂದು ಕಣ್ಣೀರು ಹಾಕಿದಳು. ವರ್ಗದ ಮಾತನ್ನು ವನಜಾಳೂ ಫೋನಿನಲ್ಲಿ ಹೇಳಿದ್ದಳು.

"ಅಳ್ಬೇಡ ಅಕ್ಕಯ್ಯ. ನಾನಿದೀನಲ್ಲ" ಎಂದೆ.

ಅವಳು ಮೂಗೊರೆಸಿಕೊಂಡು ನನ್ನನ್ನು ಅಳೆಯುವ ಹಾಗೆ ನೋಡಿದಳು. "ನೀವಿದೀರ ಬುಡಿ. ಆದ್ರೂ ಅವ್ರ ತರ ಆಗಕಿಲ್ಲ."

ಬಿ.ಪಿ. ನೋಡುವ ಪಟ್ಟಿಯನ್ನು ಅವಳ ತೋಳಿಗೆ ಸುತ್ತಿದೆ. ಸ್ವಲ್ಪ ಬಿಗಿಯಾಯಿತೇನೋ.