ಅಧ್ಯಕ್ಷರ ಮನೆಯ ಆರು ಕಂಬ

ಉಂಡ ಮನೆಯ ಜಂತೆ ಎಣಿಸುವವರು ಅಂತ ಬೈಯುತ್ತಾರಲ್ಲ, ನಾನು ಆ ಜಾತಿಯವನು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬಗ್ಗೆ ಮರುಕಪಡುವುದು ಬೇಡ.

ತೈಲದ ಬೆಲೆ ಪಾತಾಳಕ್ಕಿಳಿದು, ಮಸ್ಕತ್ತಿನ ಕಚೇರಿಗಳಲ್ಲಿ ವಾರಕ್ಕೊಬ್ಬರು ಗಂಟುಮೂಟೆ ಕಟ್ಟುತ್ತಿದ್ದ ಕಾಲ ಅದು. ಅಲ್ ಖುವೈರ್‌ನಲ್ಲಿ ಕಟ್ಟಡಗಳ ನಕ್ಷೆ ಮಾಡುವ ಕಂಪನಿಯೊಂದರಲ್ಲಿ ನಾನು ಡ್ರಾಫ್ಟ್ಸ್‌ಮನ್. ಪಕ್ಕದ ಮೇಜಿನಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರಿದ್ದರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಮೈಸೂರಿನಿಂದ ಬಂದಿಳಿದ ಮೊದಲ ಎರಡು ತಿಂಗಳು ನನಗೆ ಊಟ ಹಾಕಿದ್ದು ಅವರ ಮನೆಯವರೇ. ಅತ್ತಿಗೆಯ ನೀರುದೋಸೆಯನ್ನು ನಾನು ಲೆಕ್ಕವಿಲ್ಲದೆ ತಿಂದಿದ್ದೇನೆ.

ಮಸ್ಕತ್ತಿನ ಕೆಲಸಗಳೆಲ್ಲ ನಿಂತುಹೋದಾಗ ಹೊರಗಿನಿಂದ ಒಂದು ಕೆಲಸ ಬಂತು. ಪುಟ್ಟ ದ್ವೀಪ ದೇಶವೊಂದರ ಅಧ್ಯಕ್ಷರಿಗೆ ಅಧಿಕೃತ ನಿವಾಸ. ಅವರಿಗೆ ಬೇಕಾಗಿದ್ದು ನಿಯೋಕ್ಲಾಸಿಕಲ್ ಶೈಲಿ: ಮುಂಭಾಗದಲ್ಲಿ ಎತ್ತರದ ಕಂಬಗಳು, ಅವುಗಳ ಮೇಲೆ ತ್ರಿಕೋನದ ಹಣೆ, ಎಡಕ್ಕಿದ್ದದ್ದೇ ಬಲಕ್ಕೂ. ಗಾಜಿನ ಡಬ್ಬಗಳನ್ನೇ ಬರೆದು ರೂಢಿಯಾಗಿದ್ದ ನಮಗೆಲ್ಲ ಕೈಕಾಲು ಆಡಲಿಲ್ಲ. ಅಣ್ಣ ಮಾತ್ರ ಪೆನ್ಸಿಲ್ ಹಿಡಿದು ಕೂತರು. ಆರು ಕಂಬ, ಅವುಗಳ ಅಂತರ, ಮೆಟ್ಟಿಲು, ಕಿಟಕಿ, ಎಲ್ಲ ಅವರ ತಲೆಯಿಂದಲೇ ಬಂತು. ನನ್ನ ಕೆಲಸ ಅದನ್ನು ಕಂಪ್ಯೂಟರಿಗೆ ಇಳಿಸುವುದು.

ನಾನು ಕಂಬಕ್ಕೆ ನೇರ ಗೆರೆ ಎಳೆದದ್ದನ್ನು ನೋಡಿ ಅವರು ನಕ್ಕರು. "ಎಂಥ ಮಾರಾಯ, ಕಂಬ ಅಂದ್ರೆ ನೀರಿನ ಪೈಪ್ ಅಂತ ಮಾಡಿದ್ಯಾ? ನೇರ ಎಳೆದ್ರೆ ದೂರದಿಂದ ನೋಡುವವರಿಗೆ ನಡು ಸೊರಗಿದ ಹಾಗೆ ಕಾಣ್ತದೆ. ಒಂಚೂರು ಉಬ್ಬಬೇಕು. ತಲೆ ಮೇಲೆ ಹೊರೆ ಹೊತ್ತವನ ಕುತ್ತಿಗೆ ಉಬ್ಬುದಿಲ್ವಾ, ಹಾಗೆ."

ಪ್ರತಿ ಹಾಳೆಯ ಬಲತುದಿಯಲ್ಲಿ ಟೈಟಲ್ ಬ್ಲಾಕ್ ಎಂಬ ಪಟ್ಟಿ ಇರುತ್ತದೆ. ವಿನ್ಯಾಸ ಯಾರದು, ಗೆರೆ ಎಳೆದವರು ಯಾರು ಎಂಬುದಕ್ಕೆ ಅದರಲ್ಲಿ ಒಂದೊಂದು ಖಾನೆ. ನಮ್ಮಲ್ಲಿ ಯಾರೂ ಹಾಳೆಯನ್ನು ಹೊಸದಾಗಿ ಶುರು ಮಾಡುವುದಿಲ್ಲ; ಹಳೆಯ ಫೈಲೊಂದನ್ನು ಕಾಪಿ ಮಾಡಿ, ಒಳಗಿನದನ್ನು ಅಳಿಸಿ ಬರೆಯುತ್ತೇವೆ. ನಾನು ಕಾಪಿ ಮಾಡಿದ್ದು ಮಸ್ಕತ್ತಿನ ಹೊರವಲಯದ ರುಸೈಲ್‌ನ ಗೋದಾಮೊಂದರ ಫೈಲು. ಆ ಗೋದಾಮು ಪೂರ್ತಿ ನನ್ನದೇ ಆದ್ದರಿಂದ ಎರಡೂ ಖಾನೆಗಳಲ್ಲಿ ನನ್ನ ಇನಿಷಿಯಲ್ ಇತ್ತು. ಅದು ಹಾಗೇ ಉಳಿದು, ಹಾಳೆಗಳ ಜೊತೆ ಅಧ್ಯಕ್ಷರ ಕಡೆಯವರಿಗೂ ಹೋಯಿತು. ದೇವರಾಣೆ, ಅದು ಮರೆವು. ಅಲ್ಲಿಯವರೆಗೆ ನಾನು ಕೆಟ್ಟವನಲ್ಲ.

ನವೆಂಬರಿನಲ್ಲಿ ಮತ್ತೊಂದು ಸುತ್ತು ಜನರನ್ನು ತೆಗೆಯುತ್ತಾರೆ ಎಂಬ ಸುದ್ದಿ ಹಬ್ಬಿತು. ಮಧ್ಯಾಹ್ನ ಬುತ್ತಿ ಬಿಚ್ಚುತ್ತಾ ಅಣ್ಣ ಹೇಳಿದರು: "ಮಾರ್ಚ್ ತನಕ ಇಟ್ಟುಕೊಂಡ್ರೆ ಸಾಕು ಮಾರಾಯ. ಮಗಳ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಒಂದು ಮುಗೀಲಿ. ಮತ್ತೆ ನಾನೇ ಹೋಗ್ತೇನೆ, ಯಾರೂ ಹೇಳುದು ಬೇಡ." ಅವರ ವೀಸಾ ರದ್ದಾದರೆ ಹೆಂಡತಿ, ಮಗಳು ಇಬ್ಬರೂ ಅವರೊಟ್ಟಿಗೇ ಹೊರಡಬೇಕಿತ್ತು. ಹುಡುಗಿಗೆ ಒಂದು ವರ್ಷ ಮಣ್ಣುಪಾಲು.

ಮರುವಾರ ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. ಅವರು ಈಜಿಪ್ಟಿನವರು, ಆ ಹಾಳೆಗಳು ಹೋದ ಮೇಲಷ್ಟೇ ನಮ್ಮ ಕಚೇರಿಗೆ ಬಂದವರು; ಒರಟಾದರೂ ಕೆಟ್ಟ ಮನುಷ್ಯರಲ್ಲ. "ನಿಮ್ಮಿಬ್ಬರಲ್ಲಿ ಒಬ್ಬರನ್ನೇ ಇಟ್ಟುಕೊಳ್ಳಬೇಕು. ಡಿಸೈನ್ ಮಾಡಿದವನು ಉಳಿಯಲಿ ಅಂತ ನನ್ನಾಸೆ. ಹಾಳೆಯ ಮೇಲೆ ನಿನ್ನ ಇನಿಷಿಯಲ್ ಇದೆ. ನಿನ್ನದೇ ತಾನೇ?"

ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಹೋಗಬೇಕಾಗಿದ್ದರೆ ಒಂದು ಸೂಟ್‌ಕೇಸ್ ತುಂಬಿಸುವಷ್ಟರ ಸಂಸಾರ. ಆದರೂ ಮೈಸೂರಿನಲ್ಲಿ ನೆಂಟರೆದುರು "ಕೆಲಸ ಹೋಯ್ತಂತೆ" ಅನ್ನಿಸಿಕೊಳ್ಳುವುದು ಕಣ್ಣಮುಂದೆ ಬಂತು. ಹೌದು ಅಂದೆ.

"ಹಾಗಾದರೆ ಕಂಬಗಳು ಯಾಕೆ ಉಬ್ಬಿವೆ, ಹೇಳು."

ಹೊರೆ ಹೊತ್ತವನ ಕುತ್ತಿಗೆಯ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು! ಮ್ಯಾನೇಜರಿಗೆ ಖುಷಿಯೋ ಖುಷಿ. "ಖಲಾಸ್, ಮಾತು ಮುಗೀತು, ನೀನು ಇರು," ಅಂದರು.

ಡಿಸೆಂಬರಿನ ಮೊದಲ ವಾರ ಅಣ್ಣನ ಕೈಗೆ ಪತ್ರ ಬಂತು. ಅದೇ ವಾರ ಅಧ್ಯಕ್ಷರ ಕಡೆಯವರೂ ಖರ್ಚು ಕಡಿಮೆ ಮಾಡಿ, ಕಂಬ ಗಿಂಬ ಏನೂ ಬೇಡ ಎಂದು ಬರೆದರು. ಅಣ್ಣ ನನ್ನ ಮೇಜಿನ ಬಳಿ ಬಂದು, "ಮೊದಲಿನ ಡಿಸೈನಿನ ಒಂದು ಪ್ರಿಂಟ್ ಸಿಗ್ತದಾ? ಅಪ್ಪ ಇಷ್ಟು ವರ್ಷ ಎಂಥ ಮಾಡ್ತಿದ್ದ ಅಂತ ಮಗಳಿಗೆ ತೋರಿಸ್ಲಿಕ್ಕೆ," ಎಂದು ಕೇಳಿದರು. ಅವರ ಪೆನ್ಸಿಲ್ ಹಾಳೆಗಳನ್ನು ಕಂಪನಿ ವಶಕ್ಕೆ ತೆಗೆದುಕೊಂಡಿತ್ತು. ಸಲ್ಲಿಕೆಯಾದ ಫೈಲಿನಲ್ಲಿ ನನ್ನ ಇನಿಷಿಯಲ್ ತಿದ್ದಲು ನಾನು ಕೈಹಾಕುವಂತಿರಲಿಲ್ಲ. ಪ್ರಿಂಟ್ ತೆಗೆದೆ, ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡಿನಿಂದ ಟೈಟಲ್ ಬ್ಲಾಕಿನ ಪಟ್ಟಿಯನ್ನು ಕತ್ತರಿಸಿದೆ, ಸುರುಳಿ ಸುತ್ತಿದೆ.

ಶುಕ್ರವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಎಲ್ಲೆಲ್ಲೂ ರಟ್ಟಿನ ಪೆಟ್ಟಿಗೆಗಳು. ಅಣ್ಣ ಊಟದ ಮೇಜಿನ ಮೇಲೆ ಹಾಳೆ ಬಿಡಿಸಿ, ಸುಮ್ಮನೆ ಅಭ್ಯಾಸಬಲದಿಂದ, ಗೇಣು ಹಾಕಿದರು.

"ಇದು ಪೂರ್ತಿ ಹಾಳೆ ಅಲ್ವಲ್ಲ."

"ಪ್ರಿಂಟರಲ್ಲಿ ಸಿಕ್ಕಿ ಅಂಚು ಹರಿದೋಯ್ತು ಅಣ್ಣ."

ಅವರು ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದರು. ಹರಿದ ಕಾಗದ ಯಾವುದು, ಬ್ಲೇಡ್ ತಾಗಿದ ಕಾಗದ ಯಾವುದು ಎಂದು ಅವರಿಗೆ ನಾನು ಹೇಳಬೇಕೇ? ಅಷ್ಟರಲ್ಲಿ ಮಗಳು ಬಂದು ಬಗ್ಗಿ ನೋಡಿ, "ವಾವ್ ಪಪ್ಪಾ, ಯು ಡಿಡ್ ದಿಸ್?" ಅಂದಳು.

"ಹೌದು ಮಗಾ. ಇವನೂ ಇದ್ದ," ಅಂದರು ಅಣ್ಣ.

ಅವಳು ಒಳಗೆ ಹೋದ ಮೇಲೆ, ನನ್ನ ಮುಖ ನೋಡದೆ, ಹಾಳೆಯನ್ನು ಮತ್ತೆ ಸುತ್ತುತ್ತಾ ಹೇಳಿದರು: "ಹೆಸರು ಬೇಕಿದ್ರೆ ಕೇಳಿದ್ರೆ ಕೊಡ್ತಿದ್ದೆ ಮಾರಾಯ. ನನಗೆ ಮಾರ್ಚ್ ಒಂದೇ ಬೇಕಿದ್ದದ್ದು."

ಅತ್ತಿಗೆ ಚಹಾ ತಂದರು. ಕುಡಿದೆ.

ಅವರ ವಿಮಾನ ಬುಧವಾರಕ್ಕಿತ್ತು. ಭಾನುವಾರ, ಸೋಮವಾರ, ಮಂಗಳವಾರ ಮೂರು ದಿನವೂ ಮ್ಯಾನೇಜರ್ ಕೋಣೆಯ ಬಾಗಿಲು ತೆರೆದೇ ಇತ್ತು. ಮಂಗಳವಾರ ನಾನು ಒಳಗೆ ಹೋದೆ. ಕಂಬಗಳನ್ನು ಅಳಿಸಿದ ಹೊಸ ಹಾಳೆಗಳಿಗೆ ಸಹಿ ಹಾಕಿಸಿಕೊಂಡು ಹೊರಗೆ ಬಂದೆ.