ತೀರ್ಥಪ್ಪನ ಶಾಕಪ್ಸರ್

ಅಜ್ಜಂಪುರದ ಸ್ಟೇಷನ್ ರಸ್ತೆಯ ತೀರ್ಥಪ್ಪ ಯಾವ ಸಾಮಾನನ್ನೂ ರಿಪೇರಿಗೆಂದು ಹೊರಗೆ ಕೊಟ್ಟವನಲ್ಲ. ಗೋಡೆ ಗಡಿಯಾರ ನಿಂತರೆ ಅವನೇ ಬಿಚ್ಚಬೇಕು, ಬಾವಿಯ ರಾಟೆ ಕಿರುಗುಟ್ಟಿದರೆ ಅವನೇ ಹತ್ತಬೇಕು. ಬಿಚ್ಚಿದ್ದರಲ್ಲಿ ಮುಕ್ಕಾಲು ಪಾಲು ಸರಿಯಾಗಿಬಿಡುತ್ತಿತ್ತು, ಅದೇ ಅವನಿಗೆ ಹಿಡಿದ ಗ್ರಹಚಾರ. ಒಂದೂ ಸರಿಯಾಗದಿದ್ದರೆ ಪುಣ್ಯಾತ್ಮ ತೆಪ್ಪಗೆ ಶೇಂಗಾ ವ್ಯಾಪಾರ ಮಾಡಿಕೊಂಡು ಇರುತ್ತಿದ್ದನೋ ಏನೋ.

ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ. ಅಲ್ಲಿಂದ ವರ್ಗವಾಗಿ ಹೊರಟ ಇಂಜಿನಿಯರೊಬ್ಬರ ಹಳೇ ಕಾರನ್ನು ತೀರ್ಥಪ್ಪ ಕೊಂಡುಕೊಂಡ. ಇಂಜಿನಿಯರು ಓಡಿಸಿದ ಕಾರು ಎನ್ನುವುದೇ ಅವನಿಗೆ ದೊಡ್ಡ ಸರ್ಟಿಫಿಕೇಟು. ಮನೆಗೆ ತಂದ ಮೇಲೆ ಗೊತ್ತಾಯಿತು, ಅದು ಸಣ್ಣ ಹಳ್ಳ ಸಿಕ್ಕರೂ ಮೇಲೆದ್ದು, ಆಮೇಲೆ ಒಂದು ಫರ್ಲಾಂಗು ಕುಣಿಯುತ್ತಲೇ ಇರುತ್ತದೆ. ಹಿಂದಿನ ಚಕ್ರಗಳ ಶಾಕಪ್ಸರ್ ಎರಡೂ ಸೋರಿ ಒಣಗಿದ್ದವು. ಆಗಿನ ಕಾರಿನ ಶಾಕಪ್ಸರ್ ಎಂದರೆ ಎಣ್ಣೆ ತುಂಬಿದ ಒಂದು ಕಬ್ಬಿಣದ ಡಬ್ಬಿ, ಅದಕ್ಕೊಂದು ತೋಳು. ಚಕ್ರ ಎಗರಿದಾಗ ತೋಳು ಆಡುತ್ತದೆ, ಒಳಗಿನ ಎಣ್ಣೆ ಸಣ್ಣ ತೂತಿನಲ್ಲಿ ನುಸುಳುತ್ತ ಹೊಡೆತವನ್ನು ನುಂಗಿಕೊಳ್ಳುತ್ತದೆ. ಎಣ್ಣೆ ಇಲ್ಲದಿದ್ದರೆ ನುಂಗುವವರು ಯಾರೂ ಇಲ್ಲ.

ಕುಣಿದರೆ ಕುಣಿಯಲಿ ಎಂದು ಅವನು ಬಿಟ್ಟಿರುತ್ತಿದ್ದನೇನೋ. ಆದರೆ ಒಳಮನೆಯಲ್ಲಿ ಅವನ ಅವ್ವ ಹಾಲಮ್ಮ ಮಲಗಿದ್ದಳು. ಅಟ್ಟದ ಏಣಿಯಿಂದ ಜಾರಿ ಬಿದ್ದು ಬೆನ್ನಿಗೆ ಪೆಟ್ಟಾಗಿ, ಮಗ್ಗುಲು ಬದಲಿಸಬೇಕಾದರೂ ಸೊಸೆ ಕಾಂತಮ್ಮನ ಕೈ ಬೇಕಿತ್ತು. ಹಾಲಮ್ಮನ ತವರು ಲಕ್ಕವಳ್ಳಿಯಿಂದ ಆಚೆ, ಹೊಳೆದಂಡೆಯ ಹಳ್ಳಿ. ಈ ಮಳೆಗಾಲಕ್ಕೆ ಅಲ್ಲಿ ಅಣೆಕಟ್ಟಿನ ನೀರು ನಿಲ್ಲುತ್ತದೆಂದು ಸಾರಿಯಾಗಿತ್ತು, ಜನ ಗಂಟುಮೂಟೆ ಕಟ್ಟಿ ಹೋಗಿಯೂ ಆಗಿತ್ತು. ಹೋಗಲಾರದೆ ಉಳಿದವಳು ಹಾಲಮ್ಮನ ತಾಯಿ, ಮಣ್ಣಿನೊಳಗೆ. ನಮ್ಮಲ್ಲಿ ಸತ್ತವರನ್ನು ಹೂಳುತ್ತೇವೆ. ಸುಡುವವರಿಗೆ ಈ ಸಂಕಟ ಅರ್ಥವಾಗುವುದಿಲ್ಲ.

"ನೀರು ಬರೋಕ್ ಮುಂಚೆ ಒಂದ್ಸಲ ನಮ್ಮವ್ವನ ಸಮಾಧಿಗೆ ಈಬೂತಿ ಹಚ್ಚಿ, ಒಂದು ಪತ್ರೆ ಇಟ್ಟು ಬರ್ಬೇಕು ಕಣೋ ಮಗ. ಇನ್ನೇನೂ ಕೇಳಾಕಿಲ್ಲ ನಿನ್ನ," ಎಂದು ಅವಳು ಹೇಳಿದ್ದಳು.

ಬಸ್ಸಿನಲ್ಲಿ ಕೂರುವ ಹಾಗಿಲ್ಲ, ಗಾಡಿಯ ಕುಲುಕಾಟ ತಡೆಯುವ ಹಾಗಿಲ್ಲ. ಪಕ್ಕದ ಮನೆಯ ಗಾಡಿ ಮುದ್ದಪ್ಪ, "ಮಂಚದ ಮೇಲೆ ಮಲಗಿಸ್ಕಂಡು ಹೊತ್ಕಂಡ್ ಹೋಗಾನ. ಆಳಿಗೇನು ಬರ," ಎಂದ. ಹಾಲಮ್ಮ ಒಪ್ಪಲಿಲ್ಲ. "ನಾನಿನ್ನೂ ಉಸಿರಾಡ್ತಿದೀನಿ. ಹೆಣ ಹೊತ್ತಂಗೆ ಊರ್ ತುಂಬ ಮೆರೆಸ್ಬ್ಯಾಡ್ರಿ," ಎಂದಳು.

"ಕಾರಿನಾಗೆ ಕರ್ಕಂಡ್ ಹೋಗ್ತೀನಿ ಕಣವ್ವ. ತೊಟ್ಟಿಲಲ್ಲಿ ಮಲಗಿದಂಗಿರ್ತೀಯ," ಎಂದು ತೀರ್ಥಪ್ಪ ಮಾತು ಕೊಟ್ಟ. ಹೊಸ ಶಾಕಪ್ಸರ್ ಬೇಕೆಂದು ಶಿವಮೊಗ್ಗದ ಅಂಗಡಿಗೆ ಹೇಳಿ ಕಳಿಸಿದ.

ಪಾರ್ಸಲ್ಲು ಬರುವ ಹೊತ್ತಿಗೆ ಮುಂಗಾರು ಹಿಡಿದಿತ್ತು. ಸ್ಟೇಷನ್ನಿನಿಂದ ಪೆಟ್ಟಿಗೆ ಹೊತ್ತು ತಂದವನೇ ಕಾರನ್ನು ಅಂಗಳದಲ್ಲಿ ಜಾಕಿಗೆ ಎತ್ತಿ, ಕೆಳಗೆ ಹುಣಸೆ ಕೊರಡು ಕೊಟ್ಟು ಅಂಗಾತ ನುಗ್ಗಿದ. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ, ತಟ್ಟಿ, ಬೈದು, ಹಳೆಯವೆರಡನ್ನೂ ಕಿತ್ತ. ಹೊಸ ಡಬ್ಬಿಗಳು ಖಾಲಿಯಾಗಿ ಬಂದಿದ್ದವು. ತುಂಬಲು ಬೇರೆಯಾಗಿ ಒಂದು ತಗಡಿನ ಕ್ಯಾನು, ಅದರೊಳಗೆ ಎಣ್ಣೆ. ಇದನ್ನೇ ಹಾಕಬೇಕು, ಬೇರೆ ಯಾವುದನ್ನೂ ಮುಟ್ಟಿಸಬಾರದು ಎಂದು ಅಂಗಡಿಯವನು ಹೇಳಿ ಕಳಿಸಿದ್ದ.

ಮುದ್ದಪ್ಪ ಅದನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದ. "ಇದೇನು ತೀರ್ಥಣ್ಣ, ನೀರು ನೀರಾಗೈತೆ. ನಿಂತದಾ ಇದು?"

ಅಲ್ಲಿಗೆ ಕೆಟ್ಟಿತು ನೋಡಿ. ನಮ್ಮ ಕಡೆಯವರಿಗೆ ಎಣ್ಣೆ ಎಂದರೆ ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ನೇತುಹಾಕುವುದು. ಅಚ್ಚಿಗೆ ಬಳಿದರೆ ಅಂಟಿಕೊಳ್ಳಬೇಕು, ತೊಟ್ಟಿಕ್ಕಬಾರದು. ತೊಟ್ಟಿಕ್ಕುವ ಎಣ್ಣೆ ಮೋಸದ ಎಣ್ಣೆ. ತೀರ್ಥಪ್ಪನಿಗೂ ಲೆಕ್ಕ ಸರಿ ಎನಿಸಿತು: ಹಳೆಯವು ಯಾಕೆ ಒಣಗಿದವು? ಸೋರಿದ್ದರಿಂದ. ಯಾಕೆ ಸೋರಿತು? ತೆಳ್ಳಗಿದ್ದದ್ದರಿಂದ. ಇಷ್ಟು ಸಣ್ಣ ವಿಷಯ ಶಿವಮೊಗ್ಗದವರಿಗೆ ಹೊಳೆದಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದ ಕೂಡ.

ಕಾಂತಮ್ಮ ಮಕ್ಕಳ ತಲೆಗೆಂದು ಇಟ್ಟುಕೊಂಡಿದ್ದ ಹರಳೆಣ್ಣೆ ಅಂಗಳಕ್ಕೆ ಬಂತು. "ರೀ, ಅಂಗಡಿಯೋರು ಹೇಳಿದ್ದು ಒಂದು, ನೀವು ಮಾಡೋದು ಒಂದು," ಎಂದು ಗೊಣಗಿದಳು. ಕೇಳುವವರು ಯಾರು? ಮುದ್ದಪ್ಪ ಕರಿಯನ್ನು ಬಟ್ಟೆಯಲ್ಲಿ ಸೋಸಿ ನುಣ್ಣಗೆ ಮಾಡಿಕೊಟ್ಟ. ಕ್ಯಾನಿನ ಎಣ್ಣೆಗೆ ಅದನ್ನೆಲ್ಲ ಬೆರೆಸಿ, ಗಟ್ಟಿಯಾಗಿಸಿ, ಡಬ್ಬಿಗಳಿಗೆ ತುಂಬಿ ಬಿಗಿದರು.

ಕೊರಡು ತೆಗೆದ ಮೇಲೆ ತೀರ್ಥಪ್ಪ ಕಾರಿನ ಹಿಂಭಾಗದ ಮೇಲೆ ಮೈಭಾರ ಹಾಕಿ ಒತ್ತಿದ. ಮೊದಲು ಜೋಲಿಯಂತೆ ಆಡುತ್ತಿದ್ದ ಕಾರು ಈಗ ಅಲುಗಲಿಲ್ಲ. "ಬಂಡೆ ನಿಂತಂಗೆ ನಿಂತೈತೆ," ಎಂದ ಮುದ್ದಪ್ಪ. ಇಬ್ಬರಿಗೂ ಖುಷಿಯೋ ಖುಷಿ. ಬಂಡೆಯ ಮೇಲೆ ಕೂತು ಪ್ರಯಾಣ ಮಾಡಿದರೆ ಹೇಗಿರುತ್ತದೆಂದು ಒಬ್ಬರಿಗೂ ತೋಚಲಿಲ್ಲ.

ಬೆಳಿಗ್ಗೆ ಹಿಂದಿನ ಸೀಟು ಕಿತ್ತು ಹಾಸಿಗೆ ಹಾಸಿ ಹಾಲಮ್ಮನನ್ನು ಮಲಗಿಸಿದರು. ವಿಭೂತಿಯ ಪೊಟ್ಟಣವನ್ನು ಅವಳು ಮುಷ್ಟಿಯಲ್ಲಿ ಹಿಡಿದಿದ್ದಳು. ಪತ್ರೆಯನ್ನು ಕಾಂತಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ತಲೆಯ ಹತ್ತಿರ ಇಟ್ಟು, ತಾನೂ ಮುಂದೆ ಕೂತಳು. ತೀರ್ಥಪ್ಪ ಸ್ಪ್ಯಾನರುಗಳನ್ನು ಜಗುಲಿಯ ಮೇಲೆಯೇ ಬಿಟ್ಟ. ಎಂದೂ ಹಾಗೆ ಬಿಟ್ಟವನಲ್ಲ. ಅಷ್ಟು ಧೈರ್ಯ ಬಂದಿತ್ತು ಅವನಿಗೆ.

ಊರು ದಾಟಿ ತರೀಕೆರೆಯ ರಸ್ತೆಗೆ ಬಿದ್ದ ಮೇಲೆ ಒಂದೊಂದೇ ಕಲ್ಲು ಮಾತಾಡತೊಡಗಿತು. ಗಟ್ಟಿ ಎಣ್ಣೆ ಸಣ್ಣ ತೂತಿನಲ್ಲಿ ನುಸುಳಲಿಲ್ಲ, ಕರಿ ಹೋಗಿ ಅಲ್ಲಿ ಕೂತಿತ್ತು. ತೋಳು ಆಡಲಿಲ್ಲ. ಚಕ್ರಕ್ಕೆ ಬಿದ್ದ ಪೆಟ್ಟು ನೇರವಾಗಿ ಹಾಸಿಗೆಗೆ ಬಂತು.

"ಅವ್ವ, ನೋಯ್ತದಾ?"

"ಇಲ್ಲ. ಹೋಗು."

ಇನ್ನೊಂದು ಹಳ್ಳ. ಕಾಂತಮ್ಮ ಹಿಂದೆ ತಿರುಗಿ ನೋಡಿದಾಗ ಅತ್ತೆ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಕಣ್ಣಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. "ಹೋಗೋ," ಎಂದಳು ಮತ್ತೆ. ತೀರ್ಥಪ್ಪ ನಡೆದು ಹೋಗುವವನಷ್ಟೇ ನಿಧಾನಕ್ಕೆ ಓಡಿಸಿದ. ಎಷ್ಟು ನಿಧಾನ ಮಾಡಿದರೂ ಕಲ್ಲು ಕಲ್ಲೇ. ಅರ್ಧ ದಾರಿಯೂ ಕಳೆದಿರಲಿಲ್ಲ, ಹಾಲಮ್ಮ ಒಮ್ಮೆ ಕೂಗಿಕೊಂಡಳು. ಆ ಕೂಗಿಗೆ ಅವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು.

ಕಾರಿನ ಕೆಳಗೆ ತೂರಿದ. ಆ ತೋಳುಗಳನ್ನಾದರೂ ಬಿಚ್ಚಿ ಬಿಸಾಡಿದರೆ ಹಳೆಯ ಹಾಗೆ ಕುಣಿದುಕೊಂಡಾದರೂ ಹೋಗಬಹುದು. ನಟ್ಟನ್ನು ಬರಿಗೈಯಲ್ಲಿ ತಿರುವಿದ. ಬಟ್ಟೆ ಸುತ್ತಿ ತಿರುವಿದ, ಕಲ್ಲಿನಿಂದ ಕುಟ್ಟಿದ. ತಾನೇ ಬಿಗಿದ ನಟ್ಟು, ಒಂದು ಕೂದಲೆಳೆಯಷ್ಟೂ ಜರುಗಲಿಲ್ಲ. ಮುಂದಕ್ಕೆ ಹೋದರೂ ಅದೇ ರಸ್ತೆ, ಹಿಂದಕ್ಕೆ ಹೋದರೂ ಅದೇ ರಸ್ತೆ. ಆ ಕೆಸರಿನಲ್ಲಿ ಅಂಗಾತ ಮಲಗಿ ತೀರ್ಥಪ್ಪ ಅತ್ತ. ಮೇಲೆ ಅವ್ವ ನರಳುವುದು ಕೇಳುತ್ತಿತ್ತು.

ಕೊನೆಗೆ ಹತ್ತಿರದ ಹಳ್ಳಿಯವರು ಒಂದು ಮಂಚ ತಂದರು. ಹಾಲಮ್ಮ ಬೇಡವೆಂದಿದ್ದ ಮಂಚವೇ. ನಾಲ್ವರು ಹೆಗಲು ಕೊಟ್ಟು ಮನೆಯ ಕಡೆ ನಡೆದರು. ಈಗ ಅವಳು ಏನನ್ನೂ ಬೇಡವೆನ್ನಲಿಲ್ಲ. ತೀರ್ಥಪ್ಪ ಪಕ್ಕದಲ್ಲಿ ಕೊಡೆ ಹಿಡಿದು ನಡೆದ.

ಆ ರಾತ್ರಿ ಹಾಲಮ್ಮನಿಗೆ ಹತ್ತಿದ ಜ್ವರ ಇಳಿದ ಮೇಲೆ ಅವಳು ಪೊಟ್ಟಣವನ್ನು ಅವನ ಕೈಗೆ ಹಾಕಿದಳು. "ನಾನಿನ್ನು ಹೋಗಾಕಾಗಲ್ಲ. ನೀನೇ ಹಚ್ಚಿ ಬಾ. ಊರ ತೆಂಕಲಿಗೆ, ಸಮಾಧಿ ತಲೆದೆಸೇಲಿ ಒಂದು ಸಂಪಿಗೆ ಮರ ಐತೆ."

ಬಸ್ಸು ಹತ್ತಿ, ಇಳಿದು, ಕಾಡಿನ ದಾರಿಯಲ್ಲಿ ನಡೆದು ಹೋದ. ಊರಿರಬೇಕಾದಲ್ಲಿ ಕೆಂಪು ನೀರು ನಿಂತಿತ್ತು. ಘಟ್ಟದ ಮಳೆ ಈ ವಾರದಲ್ಲಿ ಜೋರಾಗಿತ್ತಂತೆ, ಹಾದಿಯಲ್ಲಿ ದನ ಮೇಯಿಸುವವನು ಹೇಳಿದ. ಹೋದ ಸೋಮವಾರ ಬಂದಿದ್ದರೂ ಒಣಗಾಲಲ್ಲಿ ನಡೆದಾಡಬಹುದಿತ್ತಂತೆ. ಅಂದರೆ ಆ ಕಾರಿನ ದಿನ. ತೆಂಕಲು ಯಾವುದೆಂದು ತಿಳಿಯಲು ಒಂದು ಗೋಡೆಯೂ ಕಾಣಲಿಲ್ಲ. ದೂರದಲ್ಲಿ ಕೆಲವು ಮರಗಳ ತುದಿ ನೀರಿನ ಮೇಲಿತ್ತು, ಯಾವ ಮರವೋ ಏನೋ. ಸಂಜೆಯವರೆಗೂ ದಡದಲ್ಲಿ ಕೂತಿದ್ದು, ವಿಭೂತಿಯನ್ನು ನೀರಿಗೆ ಬಿಟ್ಟು ಬಂದ.

ಹಾಲಮ್ಮ ಎಚ್ಚರವಾಗಿಯೇ ಇದ್ದಳು. "ಹಚ್ಚಿದ್ಯೇನೋ?"

"ಹಚ್ಚಿದೆ ಕಣವ್ವ."

"ಸಂಪಿಗೆ ಐತಾ?"

"ಐತೆ."

ಅವಳ ಮುಖ ಅರಳಿತು. "ನಾನೇ ನೆಟ್ಟಿದ್ದು ಕಣೋ, ಮದುವೆಯಾಗಿ ಇಲ್ಲಿಗೆ ಬರೋ ವರ್ಷ. ಎಷ್ಟೆತ್ತರ ಆಗೈತೆ?"

ತೀರ್ಥಪ್ಪ ಎದ್ದು ನಿಂತು ತಲೆಯ ಮೇಲಕ್ಕೆ ಕೈ ಎತ್ತಿ ತೋರಿಸಿದ.

"ಅಷ್ಟೇನಾ?"

ತುದಿಗಾಲಲ್ಲಿ ನಿಂತು ಕೈಯನ್ನು ಇನ್ನೂ ಮೇಲಕ್ಕೆ ಚಾಚಿದ. ಅವ್ವ ನೋಡುತ್ತಲೇ ಇದ್ದಳು. ಎಲ್ಲಿಗೆ ನಿಲ್ಲಿಸಬೇಕೋ ತಿಳಿಯದೆ ಅವನು ಹಾಗೆಯೇ ನಿಂತಿದ್ದ.